ಫಲದಿಂದ ಬೀಜದೆಡೆಗೆ

ಕಥೆ ಬರೆಯಲು ಹೊರಟ ತರುಣರಿಗೆ ನಾವು ಸಾಮಾನ್ಯವಾಗಿ ಬೋಧಿಸುವ ಕ್ರಮ ಒಂದೇ: ಆದಿ, ಮಧ್ಯ, ಅಂತ್ಯ. ಓದುಗನಿಗೆ ಕಥೆಯು ಈ ಕ್ರಮದಲ್ಲಿ ದೊರೆಯುವುದು ಯುಕ್ತವಿರಬಹುದು. ಕಥೆಗಾರನಿಗೂ ಅದೇ ಕ್ರಮದಲ್ಲಿ ಹೊಳೆಯಬೇಕೆಂಬ ನಿಯಮವಿಲ್ಲ. ಅನೇಕ ವೇಳೆ ಮೊದಲು ಕಣ್ಣಿಗೆ ಕಟ್ಟುವುದು ಕಥೆಯ ಉತ್ತರಭಾಗದ ಒಂದು ಸನ್ನಿವೇಶ. ಆಗ "ಮೊದಲಿನಿಂದ ಬರೆ" ಎಂದು ಒತ್ತಾಯಿಸಿದರೆ, ನಾಯಕನ ಊರು, ವಂಶ, ಬಾಲ್ಯಗಳ ವರ್ಣನೆಯಲ್ಲಿಯೇ ಉತ್ಸಾಹ ಬತ್ತಿ, ಕಂಡದ್ದು ಕಾಗದಕ್ಕಿಳಿಯದೆ ಹೋಗುತ್ತದೆ. ಕೊನೆಯನ್ನು ಮೊದಲು ಕಂಡವನು ಕೊನೆಯಿಂದಲೇ ಕೆಲಸವನ್ನಾರಂಭಿಸಲಿ ಎಂಬುದು ನನ್ನ ಮತ.

ಇದು ಶಾಸ್ತ್ರಕ್ಕೆ ಹೊರತಾದ ಮಾತಲ್ಲ. ನಮ್ಮ ನಾಟ್ಯಶಾಸ್ತ್ರವು ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯ ಎಂಬ ಐದು ಅರ್ಥಪ್ರಕೃತಿಗಳನ್ನು ಹೇಳುತ್ತದೆ. ಪ್ರೇಕ್ಷಕನು ಬೀಜದಿಂದ ಕಾರ್ಯದೆಡೆಗೆ ಸಾಗುತ್ತಾನೆ. ಆದರೆ ಫಲವಾವುದೆಂದು ಅರಿಯದ ಕವಿ ಬೀಜವನ್ನು ಆರಿಸುವುದೆಂತು? ಅಮೆರಿಕದ ಎಡ್ಗರ್ ಅಲನ್ ಪೋ ಕೂಡ, ತನ್ನ 'ದಿ ರೇವನ್' ಕವಿತೆಯ ರಚನೆ ಅದರ ಕೊನೆಯ ಕಡೆಯಿಂದ ಆರಂಭವಾಯಿತೆಂದು 1846ರ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾನೆ.

ಕಾಳಿದಾಸನ ಶಾಕುಂತಲವನ್ನು ಕೊನೆಯಿಂದ ಹಿಂದಕ್ಕೆ ಓದಿ ನೋಡಿರಿ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವೂ ಇಲ್ಲ, ಉಂಗುರವೂ ಇಲ್ಲ. ಏಳನೆಯ ಅಂಕದ ಪುನರ್ಮಿಲನ ಹೃದಯವನ್ನು ಮುಟ್ಟಬೇಕಾದರೆ ದುಷ್ಯಂತನ ಮರೆವಿಗೊಂದು ಕಾರಣ ಬೇಕು, ನೆನಪಿಗೊಂದು ಸಾಧನ ಬೇಕು. ಆದುದರಿಂದಲೇ ನಾಲ್ಕನೆಯ ಅಂಕದಲ್ಲಿ ಶಾಪ ಬಂದಿತು. ಉಂಗುರವಾದರೋ ಮೊದಲನೆಯ ಅಂಕದಲ್ಲಿಯೇ ಕಾಣಿಸಿಕೊಂಡಿತು.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ತಾಯಿಯ ಶವಕ್ಕೆ ಹೆಗಲು ಕೊಟ್ಟು ನಡೆಯುತ್ತಿದ್ದಾರೆ. ತಮ್ಮನ ಕಾಲು ಜಾರುತ್ತದೆ. ಅಣ್ಣ "ಹುಷಾರಪ್ಪಾ" ಎನ್ನುತ್ತಾನೆ. ತರುಣನೊಬ್ಬನಿಗೆ ಹೊಳೆದದ್ದು ಇಷ್ಟೇ ಎಂದಿಟ್ಟುಕೊಳ್ಳಿ. ಅವನು ಇದನ್ನು ಕೂಡಲೇ ಬರೆದಿಡಲಿ. ಅನಂತರ ಆ ಸನ್ನಿವೇಶವನ್ನೇ ಪ್ರಶ್ನಿಸಲಿ. ಇವರು ಮಾತು ಬಿಟ್ಟದ್ದೇಕೆ? ಹೊಲದ ಪಾಲಿನಲ್ಲಿ ಬಾವಿ ಯಾರಿಗೆಂಬ ಜಗಳದಿಂದ. ತಾಯಿ ಎಲ್ಲಿದ್ದಳು? ತಿಂಗಳ ಸರದಿಯಂತೆ ಇಬ್ಬರ ಮನೆಯಲ್ಲಿಯೂ. ಆ ಒಂದು ಮಾತಿಗೆ ಇಷ್ಟು ಭಾರವೆಲ್ಲಿಂದ ಬಂದಿತು? ಬಾಲ್ಯದಲ್ಲಿ ಅದೇ ಬಾವಿಯಲ್ಲಿ ತಮ್ಮನಿಗೆ ಈಜು ಕಲಿಸುವಾಗ ಅಣ್ಣ ಆಡುತ್ತಿದ್ದುದು ಇದೇ ಮಾತು. ಬೀಜ ದೊರೆಯಿತು. ಜಗಳದ ಬಾವಿಯೂ ವಾತ್ಸಲ್ಯದ ಬಾವಿಯೂ ಒಂದೇ ಆಯಿತು. ತಾಯಿಯ ಸರದಿ ಎರಡು ಮನೆಗಳ ನಡುವೆ ಕಥೆಯ ಎಳೆ ಕಡಿಯದಂತೆ ಕಾಯುವ ಬಿಂದುವಾಯಿತು. ಇನ್ನು ಆರಂಭದಿಂದ ಬರೆಯಲು ಅಡ್ಡಿಯೇನು?

ಕೊನೆಯ ಸನ್ನಿವೇಶ ಅಷ್ಟೊಂದು ಪ್ರಬಲವಾಗಿದ್ದರೆ ಕಥೆಯನ್ನು ಅಲ್ಲಿಯೇ ನಿಲ್ಲಿಸಿ ಹಿಂದಕ್ಕೆ ನೋಡುವ ಮಾರ್ಗವೂ ಉಂಟು. ಹತ್ತನೆಯ ಶತಮಾನದಲ್ಲಿ ಕವಿತೆಗೆ ತೊಡಗಿದ ನಮ್ಮ ರನ್ನ ಗದಾಯುದ್ಧದಲ್ಲಿ ಮಾಡಿದ್ದು ಇದನ್ನೇ. ಕುರುಕ್ಷೇತ್ರದ ಯುದ್ಧ ಮುಗಿಯುತ್ತ ಬಂದಿರುವಾಗ ಅವನ ಕಾವ್ಯ ತೊಡಗುತ್ತದೆ. ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಂಡಂತೆಲ್ಲ ಹಿಂದಿನ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ಸಿಂಹಾವಲೋಕನವೆಂದು ಕವಿಯೇ ಕರೆದ ಕ್ರಮವಿದು.

ಈ ಮಾರ್ಗದಲ್ಲಿ ಒಂದು ಅಪಾಯವಿದೆ. ಗುರಿ ಗೊತ್ತಿದ್ದವನು ಪಾತ್ರಗಳನ್ನು ಮೂಗುದಾರ ಹಿಡಿದೆಳೆಯುತ್ತಾನೆ. ನಡುವಣ ಪ್ರಸಂಗಗಳು ಬರಿಯ ಮೆಟ್ಟಿಲುಗಳಾಗುತ್ತವೆ. ಬರೆಯುತ್ತ ಹೋದಂತೆ, ಆ ತಮ್ಮ ತಾಯಿಯ ಶವಕ್ಕೂ ಬಾರದಷ್ಟು ಕಠಿಣನೆಂದು ತೋರಿದರೆ ಏನು ಮಾಡಬೇಕು? ಆಗ ಮಣಿಯಬೇಕಾದದ್ದು ಪಾತ್ರವಲ್ಲ, ಮೊದಲು ಕಂಡ ಸನ್ನಿವೇಶ. ಎಷ್ಟೇ ಸುಂದರವಾಗಿದ್ದರೂ ಅದನ್ನು ಬದಲಿಸುವ, ಬಿಟ್ಟುಕೊಡುವ ಧೈರ್ಯ ಬೇಕು. ಔಚಿತ್ಯವೆಂದರೆ ಇದೇ.

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟು: ವಿದ್ಯಾರ್ಥಿಯೊಬ್ಬನು ಕೊನೆಯ ಪುಟವನ್ನು ಮಾತ್ರ ಬರೆದು ತಂದರೆ ಅದನ್ನು ಅಪೂರ್ಣವೆಂದು ಹಿಂದಿರುಗಿಸಬೇಡಿರಿ. "ಇದಕ್ಕೆ ಮೊದಲು ಏನು ನಡೆದಿರಬೇಕು?" ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅವನು ಕಥೆಯ ಮೊದಲ ಪುಟವನ್ನು ತಾನೇ ತಲುಪುತ್ತಾನೆ.