ಕೊಳ ಉಳಿಯಲಿ, ಕೇರಿಯೂ ಉಳಿಯಲಿ

ಸಂತೆಬೆನ್ನೂರಿನ ಪುಷ್ಕರಣಿ ನೋಡಿ ಬಂದವರ ಮೊಬೈಲಿನಲ್ಲಿ ನೀರಿನ ನಡುವಿನ ಮಂಟಪ ಇರುತ್ತದೆ, ಮೆಟ್ಟಿಲುಗಳ ಸಾಲು ಇರುತ್ತದೆ, ಪಕ್ಕದ ಮುಸಾಫಿರ್‌ಖಾನೆಯ ಕಮಾನುಗಳೂ ಇರುತ್ತವೆ. ಬೇಲಿಯಾಚೆಯ ಕೇರಿ ಮಾತ್ರ ಇರುವುದಿಲ್ಲ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಈ ಊರಿನಲ್ಲಿ ಕೊಳ ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ. ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಾಳಿಯ ತರುವಾಯ ಮುಸಾಫಿರ್‌ಖಾನೆ ಎದ್ದಿತು. ಎರಡೂ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸುಪರ್ದಿಯಲ್ಲಿವೆ, ಇರಬೇಕಾದದ್ದೇ. ಕೊಳವನ್ನು ಕಾಯಬಾರದೆಂದು ಯಾರೂ ಹೇಳುತ್ತಿಲ್ಲ. ನನ್ನ ತಕರಾರು ಇರುವುದು ಕಲ್ಲನ್ನು ಕಾಯುವ ಹೆಸರಿನಲ್ಲಿ ಅದರ ಸುತ್ತ ಬದುಕಿರುವ ಊರನ್ನು ಕುಸಿಯಲು ಬಿಟ್ಟಿರುವ ಕಾನೂನಿನ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ಕಾನೂನು ಇಂಥ ಕಡೆ ಅನ್ವಯಿಸುತ್ತದೆ ಎಂದು ಮನೆ ಕೊಳ್ಳುವವನಿಗೆ ಒಂದು ಮಾತೂ ಹೇಳದ ನಮ್ಮ ಕಚೇರಿಗಳ ಮೇಲೆ.

ಕಾನೂನು ಏನನ್ನುತ್ತದೆ ಎಂಬುದನ್ನು ಮೊದಲು ನೋಡೋಣ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದು. ಸ್ಮಾರಕದ ರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ಲೆಕ್ಕ 1992ರ ಜೂನ್ 16ರ ಅಧಿಸೂಚನೆಯಿಂದ ಬಂತು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿ ಬಿಗಿ ಮಾಡಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಹುಟ್ಟುಹಾಕಿತು. ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನೂರು ಮೀಟರ್ ಎಂದರೆ ದೊಡ್ಡದೇನಲ್ಲ ಎನ್ನಿಸಬಹುದು. ಬದಿಗೆ ಮುನ್ನೂರು ಅಡಿ ಇರುವ ಚೌಕಾಕಾರದ ಒಂದು ರಕ್ಷಿತ ಜಾಗವನ್ನು ಊಹಿಸಿ ಲೆಕ್ಕ ಹಾಕಿ ನೋಡಿ. ಜಾಗ ಎರಡು ಎಕರೆ ಚಿಲ್ಲರೆ. ಅದರ ಸುತ್ತ ಏನನ್ನೂ ಕಟ್ಟುವಂತಿಲ್ಲದ ನೆಲ ಸುಮಾರು 17 ಎಕರೆ; ಅನುಮತಿ ಕೇಳದೆ ಇಟ್ಟಿಗೆ ಇಡುವಂತಿಲ್ಲದ ನೆಲವನ್ನೂ ಸೇರಿಸಿದರೆ ಸುಮಾರು 97 ಎಕರೆ. ದಿಲ್ಲಿಯಲ್ಲಿ 97 ಎಕರೆ ಒಂದು ಬಡಾವಣೆಯ ಮೂಲೆ. ನಮ್ಮ ಹೋಬಳಿ ಊರುಗಳಲ್ಲಿ ಅಷ್ಟರೊಳಗೆ ಸಂತೆ ಮಾಳ, ಶಾಲೆ, ಗುಡಿ, ಮಸೀದಿ, ಬಸ್ ಸ್ಟ್ಯಾಂಡು ಎಲ್ಲ ಬಂದುಬಿಡುತ್ತವೆ.

ನಿಜವಾದ ಪೆಟ್ಟು ಈ ವಿಸ್ತೀರ್ಣಕ್ಕಿಂತ ಕಾಯ್ದೆಯ ವ್ಯಾಖ್ಯಾನಗಳಲ್ಲಿ ಅಡಗಿದೆ. ನಿಷೇಧಿತ ಪ್ರದೇಶದಲ್ಲಿ 1992ಕ್ಕಿಂತ ಮೊದಲೇ ಇದ್ದ ಮನೆಗೆ ದುರಸ್ತಿ ಮತ್ತು ನವೀಕರಣದ ಅನುಮತಿ ಕೇಳಬಹುದು. ಆದರೆ ದುರಸ್ತಿ ಎಂದರೆ ಇರುವ ಕಟ್ಟಡದಲ್ಲಿ ಮಾಡುವ ಮಾರ್ಪಾಡು ಮಾತ್ರ. ಮರುನಿರ್ಮಾಣ ಅದರಲ್ಲಿ ಸೇರುವುದಿಲ್ಲ ಎಂದು ಕಾಯ್ದೆ ಬಾಯಿಬಿಟ್ಟು ಹೇಳುತ್ತದೆ. ಮೊದಲಿದ್ದ ಉದ್ದ, ಅಗಲ, ಎತ್ತರದಲ್ಲೇ ಮತ್ತೆ ಕಟ್ಟುವುದಕ್ಕೇ ಮರುನಿರ್ಮಾಣ ಎಂದು ಹೆಸರು. ಅಂದರೆ ಒಂದು ಗೇಣೂ ಹೆಚ್ಚು ಕೇಳದೆ, ಬಿದ್ದ ಮನೆಯನ್ನು ಇದ್ದ ಹಾಗೇ ಎಬ್ಬಿಸಿಕೊಳ್ಳುತ್ತೇನೆ ಎಂದರೂ ದಾರಿ ಇಲ್ಲ. ಕಾಂಕ್ರೀಟಿನ ಮನೆಗಳಿಗೆ ಹೊಂದುವ ಯೋಚನೆ ಇದು. ನಮ್ಮ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮರದ ತೊಲೆ ಜಂತೆಯವು. ಹೆಂಚು ಸರಿದು ಎರಡು ಮಳೆಗಾಲ ನೀರು ಇಳಿದರೆ ಗೋಡೆಯ ಬುಡ ನೆನೆದು, ಒಂದು ರಾತ್ರಿ ಇಡೀ ಗೋಡೆ ಕೂರುತ್ತದೆ. ಆಮೇಲೆ ಉಳಿಯುವುದು ದುರಸ್ತಿಯಲ್ಲ, ಮತ್ತೆ ಕಟ್ಟುವ ಕೆಲಸ. ಮಳೆಗೆ ಪೂರ್ತಿ ಬಿದ್ದ ಮನೆಗೆ ಸರ್ಕಾರವೇ ಪರಿಹಾರ ಕೊಡುತ್ತದೆ. 2019ರ ನೆರೆಯ ವರ್ಷ ಅದು ಐದು ಲಕ್ಷ ರೂಪಾಯಿ ಇತ್ತು. ಒಂದು ಇಲಾಖೆ ಮನೆ ಕಟ್ಟಿಕೊಳ್ಳಿ ಎಂದು ದುಡ್ಡು ಕೊಟ್ಟರೆ, ನಿಷೇಧಿತ ಪ್ರದೇಶದಲ್ಲಿ ಇನ್ನೊಂದು ಇಲಾಖೆ ಕಟ್ಟಿದರೆ ಕೇಸು ಎನ್ನಬೇಕಾಗುತ್ತದೆ. ಬ್ಯಾಂಕಿಗೆ ಹೋದರೆ ಲೈಸೆನ್ಸ್ ಇಲ್ಲದ ಮನೆಗೆ ಸಾಲ ಇಲ್ಲ.

ಇಷ್ಟಾಗಿ ಜನ ಕಟ್ಟದೆ ಸುಮ್ಮನಿರುತ್ತಾರೆಯೇ? ರಜೆಯ ದಿನ ನೋಡಿ, ರಾತ್ರಿ ನೋಡಿ, ಅವಸರದಲ್ಲಿ ಕಟ್ಟುತ್ತಾರೆ. ಅವಸರಕ್ಕೆ ಒದಗುವುದು ಸಿಮೆಂಟು, ಗಾರೆಯಲ್ಲ. ಸುಣ್ಣ ಕೊಳೆಹಾಕಿ, ಅರೆದು, ಗಿಲಾವು ಮಾಡಿ, ಒಣಗುವವರೆಗೆ ಕಾಯಲು ಬಹಿರಂಗವಾಗಿ ಕೆಲಸ ಮಾಡುವ ಧೈರ್ಯ ಬೇಕು. ಹೀಗಾಗಿ ಸ್ಮಾರಕದ ಅಂದ ಕಾಪಾಡಲೆಂದು ಹುಟ್ಟಿದ ನಿಯಮ ಸ್ಮಾರಕದ ಎದುರಿಗೇ ಹಾಲೋ ಬ್ಲಾಕಿನ ಬೋಳು ಗೋಡೆಗಳನ್ನು ಎಬ್ಬಿಸುತ್ತದೆ. ಕಂಬ ಕೆತ್ತುವ ಬಡಗಿಗೆ, ಗಾರೆಯವನಿಗೆ, ಕಲ್ಲುಕುಟಿಗನಿಗೆ ಕೆಲಸ ಸಿಗಬಹುದಾಗಿದ್ದ ಜಾಗದಲ್ಲೇ ಅವರಿಗೆ ಕೆಲಸವಿಲ್ಲ. ಊರ ನಡುವಿನ ಕಲೆ ಎಂದು ನಾವು ಭಾಷಣ ಮಾಡುವುದು ಮಂಟಪದ ಕೆತ್ತನೆಯನ್ನು ಮಾತ್ರ ತೋರಿಸಿ. ಆ ಕೈಗಳು ಇಂದಿಗೂ ಉಳಿದಿರಬೇಕಾದರೆ ಸುತ್ತಲಿನ ಮನೆಗಳಲ್ಲಿ ಅವಕ್ಕೆ ಕೂಲಿ ಹುಟ್ಟಬೇಕಲ್ಲ.

ಇನ್ನು ಕೊಳ್ಳುವವನ ಪಾಡು. ಹಳೆಯ ಪೇಟೆಯಲ್ಲಿ ಮನೆ ಹುಡುಕುವ ಒಬ್ಬ ಮೇಷ್ಟ್ರೋ ಅಂಗಡಿಯವನೋ ಏನೇನು ಕಾಗದ ನೋಡುತ್ತಾನೆ? ಇ.ಸಿ. ತೆಗೆಸುತ್ತಾನೆ, ಅದರಲ್ಲಿ ಕಾಣುವುದು ನೋಂದಣಿಯಾದ ಕ್ರಯ, ಅಡಮಾನಗಳಷ್ಟೆ. ಪಂಚಾಯಿತಿಯಾದರೆ ಇ-ಸ್ವತ್ತು, ಪಟ್ಟಣವಾದರೆ ಇ-ಖಾತೆ ನೋಡುತ್ತಾನೆ; ಅವು ಹೇಳುವುದು ಯಜಮಾನನ ಹೆಸರು, ಚಕ್ಕುಬಂದಿ, ಅಳತೆ, ಕಂದಾಯ. ಈ ಮನೆ ಸ್ಮಾರಕದಿಂದ ಎಷ್ಟು ಮೀಟರ್, ಇದನ್ನು ಕೆಡವಿದರೆ ಮತ್ತೆ ಕಟ್ಟಲು ಬರುತ್ತದೆಯೋ ಇಲ್ಲವೋ ಎಂಬ ಒಂದು ಸಾಲು ಇವುಗಳಲ್ಲಿ ಸಿಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಮುದ್ರಾಂಕ ಶುಲ್ಕ ಎಣಿಸಿಕೊಂಡು ಹೆಬ್ಬೆರಳು ಒತ್ತಿಸಿಕೊಳ್ಳುತ್ತದೆ. ಕಟ್ಟಲು ಬಾರದ ಜಾಗಕ್ಕೂ ಮಾರ್ಗಸೂಚಿ ದರದಲ್ಲೇ ಶುಲ್ಕ ವಸೂಲಿ. ಕ್ರಯಪತ್ರ ಕೈಗೆ ಬಂದು, ಹಳೆ ಗೋಡೆ ಇಳಿಸಿದ ಮೇಲೆ ನೋಟಿಸು ಬರುತ್ತದೆ. ಕೊಳ್ಳುವವನು ತಾನೇ ವಿಚಾರಿಸಿಕೊಳ್ಳಬೇಕಿತ್ತು ಎನ್ನುವವರಿದ್ದಾರೆ. ವಿಚಾರಿಸಲು ಹೋಗಬೇಕಾದದ್ದು ಎಲ್ಲಿಗೆ? ಅರ್ಜಿ ಸ್ವೀಕರಿಸುವ ಸಕ್ಷಮ ಪ್ರಾಧಿಕಾರಿ ತಾಲ್ಲೂಕಿನಲ್ಲಿ ಇಲ್ಲ, ಅರ್ಜಿಯ ಮೇಲೆ ಅಭಿಪ್ರಾಯ ಕೊಡುವ ರಾಷ್ಟ್ರೀಯ ಪ್ರಾಧಿಕಾರ ಇರುವುದು ದಿಲ್ಲಿಯಲ್ಲಿ. ಕಾಯ್ದೆಯ ಗಡುವುಗಳನ್ನೇ ಕೂಡಿಸಿದರೂ, ಹದಿನೈದು ದಿನ, ಎರಡು ತಿಂಗಳು, ಮತ್ತೊಂದು ತಿಂಗಳು, ಒಂದು ಮಳೆಗಾಲ ಮುಗಿಯುತ್ತದೆ. ಇದರಲ್ಲಿ ನಗು ತರಿಸುವ ಸಂಗತಿಯೆಂದರೆ ನಕ್ಷೆ ತಯಾರಿಸುವ ತಂತ್ರ ಈಗಾಗಲೇ ಇದೆ. ಇಸ್ರೋದ ನೆರವಿನಿಂದ ಸ್ಮಾರಕಗಳ ಎಲ್ಲೆ ಗುರುತಿಸಿ, ಮೊಬೈಲ್ ಆ್ಯಪಿನಲ್ಲಿ ಜಾಗ ಒತ್ತಿದರೆ ಯಾವ ವಲಯ ಎಂದು ತಿಳಿಯುವ ವ್ಯವಸ್ಥೆಯನ್ನು ಪ್ರಾಧಿಕಾರ ಮಾಡಿಕೊಂಡಿದೆ. ಅದನ್ನು ರಾಜ್ಯದ ನೋಂದಣಿ ಕಚೇರಿಗಳ ಕಾವೇರಿ ತಂತ್ರಾಂಶಕ್ಕೂ ಇ-ಸ್ವತ್ತಿಗೂ ಜೋಡಿಸಿ, ನೋಂದಣಿಗೆ ಮೊದಲೇ ವಲಯದ ವಿವರ ಪರದೆಯ ಮೇಲೆ ಬರುವಂತೆ ಮಾಡಲು ಸಂಸತ್ತಿನ ತಿದ್ದುಪಡಿ ಬೇಕಿಲ್ಲ.

ನಿಯಮ ಸಡಿಲಿಸಿದರೆ ಸ್ಮಾರಕಗಳು ಉಳಿಯುವುದಿಲ್ಲ ಎಂಬುದು ಪುರಾತತ್ವ ಪ್ರೇಮಿಗಳ ದೊಡ್ಡ ಆಕ್ಷೇಪ. ತಳ್ಳಿಹಾಕುವಂಥದ್ದಲ್ಲ. ಅಡಿಕೆ ದರ ಏರಿದ ವರ್ಷಗಳಲ್ಲಿ ಚನ್ನಗಿರಿ ಸೀಮೆಯಲ್ಲಿ ಮೂರಂತಸ್ತು ಎಷ್ಟು ಬೇಗ ಏಳುತ್ತದೆ ಎಂಬುದು ಕಣ್ಣಿಗೆ ಕಾಣುವ ವಿಷಯ. ಆದರೆ ಬಿಗಿ ನಿಯಮ ಇಷ್ಟು ವರ್ಷ ಕಾದದ್ದೆಷ್ಟು? ಮಹಾಲೇಖಪಾಲರು 2013ರ ವರದಿಗಾಗಿ 1,655 ಸ್ಮಾರಕಗಳನ್ನು ಹೋಗಿ ನೋಡಿದಾಗ 92 ಸ್ಥಳದಲ್ಲೇ ಇರಲಿಲ್ಲ. 2022ರ ಕೊನೆಗೆ ಸಂಸ್ಕೃತಿ ಸಚಿವಾಲಯ ಸಂಸದೀಯ ಸಮಿತಿಗೆ ಕೊಟ್ಟ ಪಟ್ಟಿಯಲ್ಲೂ 50 ಕಾಣೆ: 14 ನಗರ ಬೆಳೆದು ನುಂಗಿದವು, 12 ಜಲಾಶಯ ಮತ್ತು ಅಣೆಕಟ್ಟುಗಳಲ್ಲಿ ಮುಳುಗಿದವು, 24 ಎಲ್ಲಿವೆಯೆಂದೇ ಗೊತ್ತಿಲ್ಲ. ಅಣೆಕಟ್ಟು ಕಟ್ಟಿದ್ದು ಪಕ್ಕದ ಮನೆಯವನಲ್ಲ. 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿದ ತಿದ್ದುಪಡಿ ಮಸೂದೆಯನ್ನೂ ನೆನೆಯಬೇಕು. ನಿಷೇಧಿತ ಪ್ರದೇಶದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಮಾತ್ರ ವಿನಾಯಿತಿ ಕೊಡುವ ಮಸೂದೆ ಅದು. ರಾಜ್ಯಸಭೆ ಆಯ್ಕೆ ಸಮಿತಿಗೆ ಒಪ್ಪಿಸಿದ್ದರಿಂದ ಕಾನೂನಾಗಲಿಲ್ಲ ಅನ್ನಿ. ಆದರೂ ಸರ್ಕಾರದ ಮನಸ್ಸು ಅದರಲ್ಲಿ ತಿಳಿಯಿತು: ಹೆದ್ದಾರಿಯ ಮೇಲ್ಸೇತುವೆಗೆ ನೂರು ಮೀಟರು ಅಡ್ಡಿಯಾದರೆ ಕಾಯ್ದೆ ತಿದ್ದಬಹುದು, ಸೂರು ಬಿದ್ದವನಿಗೆ ಅಡ್ಡಿಯಾದರೆ ಕಾಯ್ದೆ ಪವಿತ್ರ.

ಹಾಗಾದರೆ ಬೇಕಾದದ್ದು ಏನು? ಹೊಸದೇನೂ ಅಲ್ಲ. 2010ರ ತಿದ್ದುಪಡಿಯಲ್ಲೇ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪನಿಯಮ ಬರೆಯಬೇಕೆಂದಿದೆ. ಕೇಂದ್ರದ ರಕ್ಷಣೆಯಲ್ಲಿ ದೇಶದಾದ್ಯಂತ ಸುಮಾರು 3,690, ಕರ್ನಾಟಕದಲ್ಲೇ 506 ಸ್ಮಾರಕಗಳಿವೆ. ಬಹುಪಾಲಿಗೆ ಅಂತಿಮ ಉಪನಿಯಮ ಇಂದಿಗೂ ಇಲ್ಲ. ಸಂಸದೀಯ ಸ್ಥಾಯಿ ಸಮಿತಿಯೂ 2023ರಲ್ಲಿ ಎಲ್ಲ ಸ್ಮಾರಕಗಳಿಗೂ ಒಂದೇ ಅಳತೆ ಹಿಡಿಯುವುದರಿಂದ ಸ್ಥಳೀಯರಿಗೆ ಆಗುವ ತೊಂದರೆಯನ್ನು ಎತ್ತಿ ಹೇಳಿತು. ಬೆಟ್ಟದ ಮೇಲಿನ ಕೋಟೆಗೆ ಬೇಕಾದ ಕಾವಲೇ ಬೇರೆ, ಊರ ನಡುವಿನ ಕೊಳಕ್ಕೆ ಬೇಕಾದದ್ದೇ ಬೇರೆ. ಕೋಟೆಗೆ ಅಡ್ಡ ಬರುವುದು ಕಟ್ಟಡದ ಎತ್ತರ. ಕೊಳಕ್ಕೆ ಅಪಾಯ ಹೆಚ್ಚಾಗಿ ನೆಲದಡಿಯಿಂದ: ಸುತ್ತ ಕೊರೆದ ಬೋರ್‌ವೆಲ್ಲು, ಸೋರುವ ಪಿಟ್ಟು, ದಿಕ್ಕು ತಪ್ಪಿದ ಚರಂಡಿ. ಕೊಳದಿಂದ ತೊಂಬತ್ತು ಮೀಟರ್ ದೂರದಲ್ಲಿ ಹೆಂಚಿನ ಮನೆಯೊಂದು ಹೆಂಚಿನ ಮನೆಯಾಗಿಯೇ ಮತ್ತೆ ಎದ್ದರೆ ಪುಷ್ಕರಣಿಗೆ ಏನು ನಷ್ಟ? ನೂರ ಹತ್ತು ಮೀಟರ್ ಆಚೆ ತೋಡುವ ಆಳದ ಪಾಯ, ನೆಲಮಾಳಿಗೆಯ ಪಾರ್ಕಿಂಗು ಇವುಗಳಿಂದ ಆಗಬಹುದಾದ ನಷ್ಟವೇ ದೊಡ್ಡದು. ಉಪನಿಯಮ ಬರೆಯುವವರು ಮಾಡಿನ ಇಳಿಜಾರು, ಜಗುಲಿಯ ಸಾಲು, ಎತ್ತರದ ಮಿತಿ, ಬೋರ್‌ವೆಲ್ ನಿಷೇಧ ಇವನ್ನೆಲ್ಲ ನಿಗದಿ ಮಾಡಲಿ, ಎಷ್ಟು ಬೇಕೋ ಅಷ್ಟು ಬಿಗಿ ಮಾಡಲಿ. ಆದರೆ ಇದ್ದ ಅಳತೆಯಲ್ಲೇ ಮರಳಿ ಕಟ್ಟುವ ಹಕ್ಕನ್ನು ನಿಷೇಧಿತ ಪ್ರದೇಶದೊಳಗೂ ಕೊಡಬೇಕು. ಅದೊಂದಕ್ಕೆ ಕಾಯ್ದೆಗೇ ತಿದ್ದುಪಡಿ ಬೇಕು, ದಾವಣಗೆರೆಯ ಸಂಸದರಿಂದ ಹಿಡಿದು ಶ್ರೀರಂಗಪಟ್ಟಣ, ವಿಜಯಪುರದ ಪ್ರತಿನಿಧಿಗಳವರೆಗೆ ಎಲ್ಲರೂ ಕೇಳಬೇಕಾದ ತಿದ್ದುಪಡಿ.

ಸಂತೆಬೆನ್ನೂರಿನಿಂದ ಹೊರಗೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿ, ಅದರಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾದ ನ್ಯಾಮತಿ, ಬಯಲುಸೀಮೆಯ ಜಗಳೂರು, ಇವುಗಳ ಹಳೆಯ ಪೇಟೆಬೀದಿಗಳಲ್ಲಿ ಕೇಂದ್ರದ ಸ್ಮಾರಕ ಪಕ್ಕದಲ್ಲಿಲ್ಲದ ಮನೆಗೆ ಯಾವ ರಕ್ಷಣೆಯೂ ಇಲ್ಲ. ಜಗಳೂರು ಕಡೆಯ ಮಣ್ಣು ಮುಚ್ಚಿದ ಮಾಳಿಗೆ ಮನೆ, ಹೊನ್ನಾಳಿ ಕಡೆಯ ಕಂಬದ ಪಡಸಾಲೆಯ ಹೆಂಚಿನ ಮನೆ ಎರಡೂ ಆಯಾ ಸೀಮೆಯ ಬಿಸಿಲು ಮಳೆ ತಿಳಿದು ಕಟ್ಟಿದವು. ಮುಖ್ಯರಸ್ತೆ ಅಗಲ ಮಾಡುವ ಮಾತು ಬಂದಾಗ ನಡೆಯುವ ಚರ್ಚೆ ರಸ್ತೆಯ ಮಧ್ಯದಿಂದ ಎಷ್ಟು ಅಡಿ, ಪರಿಹಾರ ಎಷ್ಟು ಎಂಬ ಎರಡೇ ಪ್ರಶ್ನೆಗಳದ್ದು. ಕೆಡವುವ ಸಾಲಿನಲ್ಲಿ ಉಳಿಸಬೇಕಾದ ಮನೆ ಯಾವುದು ಎಂದು ಕೇಳುವವರಿಲ್ಲ, ಏಕೆಂದರೆ ಪಟ್ಟಿಯೇ ಇಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಮೊಳೆ ಹೊಡೆಯಲೂ ದಿಲ್ಲಿಯ ಕಡೆ ನೋಡಬೇಕು, ಇನ್ನೊಂದು ಕಡೆ ಇಡೀ ಬೀದಿ ಜೆಸಿಬಿಗೆ ಹೋದರೂ ಕೇಳುವಂತಿಲ್ಲ. ಎರಡಕ್ಕೂ ಮೂಲ ಒಂದೇ: ಬೀದಿಯನ್ನು ಬೀದಿಯಾಗಿ ಯಾವ ಇಲಾಖೆಯೂ ನೋಡಿಲ್ಲ.

ನಿರ್ಬಂಧ ಸಡಿಲಿಸಿದರೆ ಹೊರಗಿನ ದುಡ್ಡಿನವರು ಬಂದು ಹಳೆಯ ಮನೆಗಳನ್ನೆಲ್ಲ ಹೋಂಸ್ಟೇ ಮಾಡುತ್ತಾರೆ, ಇರುವವರು ಮಾರಿಕೊಂಡು ಹೋಗುತ್ತಾರೆ ಎಂಬ ಭಯವೂ ಇದೆ. ಮಲೇಷ್ಯಾದ ಜಾರ್ಜ್ ಟೌನಿನಲ್ಲಿ ಬಾಡಿಗೆ ನಿಯಂತ್ರಣ 2000ದಲ್ಲಿ ಹೋಯಿತು, 2008ರಲ್ಲಿ ಯುನೆಸ್ಕೊ ಪಟ್ಟ ಬಂತು. ತಲೆಮಾರುಗಳಿಂದ ಇದ್ದ ಎಷ್ಟೋ ಬಾಡಿಗೆದಾರರು ಪೇಟೆ ಬಿಟ್ಟರು, ಅವರ ಅಂಗಡಿಮನೆಗಳು ಹೋಟೆಲುಗಳಾದವು. ಅಲ್ಲಿ ಆದದ್ದು ಇಲ್ಲಿ ಆಗಲಾರದು ಎನ್ನುವ ಧೈರ್ಯ ನನಗಿಲ್ಲ. ಆದರೆ ನಿಷೇಧ ಇದಕ್ಕೆ ಮದ್ದಲ್ಲ. ಕಟ್ಟಲು ಬಾರದ ಮನೆಯನ್ನು ಬಡವ ಅಗ್ಗಕ್ಕೆ ಮಾರುತ್ತಾನೆ. ವಕೀಲರನ್ನು ಇಟ್ಟುಕೊಂಡು ವರ್ಷಗಟ್ಟಲೆ ಕಾಯಬಲ್ಲವನೇ ಅದನ್ನು ಕೊಳ್ಳುತ್ತಾನೆ. ಅಹಮದಾಬಾದಿನ ಹಳೆಯ ಕೋಟೆ ಪಟ್ಟಣದಲ್ಲಿ ಪಾರಂಪರಿಕ ಮನೆ ಉಳಿಸಿಕೊಂಡವನಿಗೆ ತಾನು ಕಟ್ಟದೆ ಬಿಟ್ಟ ವಿಸ್ತೀರ್ಣದ ಹಕ್ಕನ್ನು ನಗರದ ಬೇರೆ ಕಡೆ ಮಾರಲು ಅವಕಾಶವಿದೆ. ಆ ದುಡ್ಡು ಮನೆಯ ದುರಸ್ತಿಗೆ ಒದಗುತ್ತದೆ. ನಮ್ಮ ಸಣ್ಣ ಊರುಗಳಲ್ಲಿ ಅಂಥ ಹಕ್ಕು ಕೊಳ್ಳುವ ಬಿಲ್ಡರುಗಳಿಲ್ಲ ನಿಜ. ಕಂದಾಯ ಮಾಫಿ, ಗಾರೆ ಕೆಲಸಕ್ಕೆ ಸಹಾಯಧನ, ಇದ್ದ ಮನೆಯಲ್ಲೇ ಇರುವವನಿಗೆ ಮೊದಲ ಆದ್ಯತೆ ಇಷ್ಟಕ್ಕೆ ಬಿಲ್ಡರು ಬೇಕಿಲ್ಲ.

ಇದಾವುದನ್ನೂ ಮಾಡದಿದ್ದರೆ ಉಳಿಯುವುದು ಹಂಪಿಯ ದಾರಿ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನ ಮನೆ ಅಂಗಡಿಗಳನ್ನು ಕೆಡವಿ, ಜನರನ್ನು ಕಡ್ಡಿರಾಂಪುರದ ಕಡೆಗೆ ಸಾಗಿಸಿದರು. ಮಂಟಪಗಳೊಳಗೆ ಸೇರಿಕೊಂಡದ್ದು ಒತ್ತುವರಿ ಎಂಬ ವಾದದಲ್ಲಿ ಹುರುಳಿತ್ತು. ಆದರೂ ಒಕ್ಕಲೆಬ್ಬಿಸುವ ಮುನ್ನ ಆ ಜನರ ಜೊತೆ ಕೂತು ಬರೆದ ಯೋಜನೆ ಯಾವುದಿತ್ತು? ಸಂತೆಬೆನ್ನೂರಿನಲ್ಲಿ ಇನ್ನೂ ಕಾಲ ಮೀರಿಲ್ಲ. ಉಪನಿಯಮದ ಕರಡನ್ನು ಸಾರ್ವಜನಿಕರ ಆಕ್ಷೇಪಣೆಗೆ ಇಡಬೇಕೆಂಬ ನಿಯಮ ಇದೆ. ಅದನ್ನು ವೆಬ್‌ಸೈಟಿನ ಮೂಲೆಗೆ ಹಾಕಿ ಕೈತೊಳೆದುಕೊಳ್ಳದೆ, ಕನ್ನಡದಲ್ಲಿ ಮುದ್ರಿಸಿ ಗ್ರಾಮಸಭೆಯಲ್ಲಿ ಓದಿ, ಯಾರ ಮನೆ ಯಾವ ವಲಯದಲ್ಲಿ ಬರುತ್ತದೆ ಎಂಬ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲು ಜಿಲ್ಲಾಡಳಿತಕ್ಕೆ ಒಂದು ಸುತ್ತೋಲೆ ಸಾಕು.