ಕಾಪುವಿನ ಕಡಲೂ ಶಾಲೆಯ ಉಷ್ಣಮಾಪಕವೂ

ಮಾರ್ಚ್ ತಿಂಗಳ ನಡುಹಗಲಿನಲ್ಲಿ ಕಾರ್ಕಳದ ಗೊಮ್ಮಟಬೆಟ್ಟದ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಕಲ್ಲು ಎಷ್ಟು ಕಾಯುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ೧೪೩೨ರಲ್ಲಿ ಪ್ರತಿಷ್ಠೆಗೊಂಡ ಆ ಮೂರ್ತಿಯ ಪಾದದ ಬಳಿ ಅರೆಗಳಿಗೆ ನಿಲ್ಲುವುದೂ ಕಷ್ಟವೇ. ಅದೇ ದಿನ ಸಂಜೆ ಕಾಪುವಿಗೆ ಹೋಗಿ, ೧೯೦೧ರ ದೀಪಸ್ತಂಭವನ್ನು ಹೊತ್ತ ಬಂಡೆಯ ಕೆಳಗೆ ಕಡಲಿನಲ್ಲಿ ಕಾಲಿಟ್ಟರೆ ನೀರು ಹಿತವಾಗಿರುತ್ತದೆ. ಮರುದಿನ ನಸುಕಿನಲ್ಲಿ ಹೋದರೂ ಅದೇ ಹಿತ. ಕಾರ್ಕಳದ ಕಲ್ಲಾದರೋ ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಎರಡರ ಮೇಲೂ ಬಿದ್ದದ್ದು ಒಂದೇ ಬಿಸಿಲು.

ಇದರ ಕಾರಣವು ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕ್ಯಾಲೊರಿ ಉಷ್ಣ ಬೇಕು. ಅಷ್ಟೇ ತೂಕದ ಕಲ್ಲಿಗೆ ಸುಮಾರು ಅದರ ಐದರಲ್ಲೊಂದು ಪಾಲು ಸಾಕು. ಅದಲ್ಲದೆ ಬಿಸಿಲು ಕಲ್ಲಿನ ಮೈಯಲ್ಲೇ ತಡೆದು ನಿಲ್ಲುತ್ತದೆ; ನೀರಿನಲ್ಲಿ ಆಳಕ್ಕಿಳಿಯುತ್ತದೆ, ಅಲೆಗಳು ಅದನ್ನು ಇನ್ನೂ ಕೆಳಕ್ಕೆ ಕಲಕುತ್ತವೆ. ಹಗಲು ನೆಲ ಕಾದಾಗ ಕಡಲಿನಿಂದಲೂ, ಇರುಳು ನೆಲ ಆರಿದಾಗ ನೆಲದಿಂದಲೂ ಗಾಳಿ ಬೀಸುವುದು ಇದರಿಂದಲೇ. ಯಂತ್ರವಿಲ್ಲದ ಕಾಲದಲ್ಲಿ ನಸುಕಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೊರಟು, ಮಧ್ಯಾಹ್ನದ ಕಡಲಗಾಳಿಯೊಡನೆ ದಡ ಸೇರುತ್ತಿದ್ದ ಮೊಗವೀರರು ವಿಶಿಷ್ಟೋಷ್ಣವೆಂಬ ಹೆಸರನ್ನು ಕೇಳಿರಲಿಲ್ಲ. ಅದರ ಫಲವನ್ನು ಮಾತ್ರ ಚೆನ್ನಾಗಿ ಬಲ್ಲವರಾಗಿದ್ದರು. ನಮ್ಮ ವಿದ್ಯಾರ್ಥಿಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಹೆಸರು ಬಾಯಿಗೆ ಬರುತ್ತದೆ, ಅಂಕಿಯೂ ಬರುತ್ತದೆ. ಮಣಿಪಾಲದ ಗುಡ್ಡದಿಂದ ಪಡುವಣಕ್ಕೆ ಗೆರೆಯಾಗಿ ಕಾಣುವ ಕಡಲು ಮಾತ್ರ ಪಾಠದೊಳಗೆ ಬರುವುದಿಲ್ಲ.

ಒಂದು ಉದಾಹರಣೆಯನ್ನು ಕೊಡುತ್ತೇವೆ. ನೀರು ನಾಲ್ಕು ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ, ಆದುದರಿಂದ ಕೆರೆಯ ಮೇಲೆ ಮಂಜುಗಡ್ಡೆ ಕಟ್ಟಿದರೂ ಅಡಿಯಲ್ಲಿ ಮೀನು ಬದುಕುತ್ತದೆ, ಎಂಬ ಪಾಠವನ್ನು ಒಪ್ಪಿಸದ ವಿದ್ಯಾರ್ಥಿಯೇ ಇಲ್ಲ. ಕಾರ್ಕಳದ ಆನೆಕೆರೆಯ ಮೇಲೆ ಮಂಜುಗಡ್ಡೆಯನ್ನು ಯಾರೂ ಕಂಡಿಲ್ಲವೆಂಬುದು ಹಾಗಿರಲಿ. ಸಮುದ್ರದ ನೀರಿಗೆ ಈ ನಿಯಮ ಹೊಂದುವುದೇ ಇಲ್ಲ! ಕಿಲೋಗ್ರಾಮಿಗೆ ಸುಮಾರು ೩೫ ಗ್ರಾಂ ಉಪ್ಪು ಕರಗಿರುವ ನೀರು ಹೆಪ್ಪುಗಟ್ಟುವವರೆಗೂ, ಅಂದರೆ ಸೊನ್ನೆಗಿಂತ ಸುಮಾರು ೧.೯ ಡಿಗ್ರಿ ಕೆಳಗಿನವರೆಗೂ, ತಣಿದಷ್ಟೂ ಭಾರವಾಗುತ್ತಲೇ ಹೋಗುತ್ತದೆ. ಧ್ರುವಪ್ರದೇಶಗಳಲ್ಲಿ ಹೀಗೆ ಭಾರವಾಗಿ ಮುಳುಗಿದ ನೀರೇ ಸಾಗರಗಳ ತಳದಲ್ಲಿ ಹರಡಿಕೊಂಡಿದೆ. ಸಮಭಾಜಕದ ಸುಡುಬಿಸಿಲಿನ ಕೆಳಗೂ ಹಿಂದೂ ಮಹಾಸಾಗರದ ಆಳದ ನೀರು ಒಂದೆರಡು ಡಿಗ್ರಿಯಷ್ಟೇ ಇರುವುದು ಇದರಿಂದ. ನೀರಿನ ಪಾಠವನ್ನು ಕೆರೆಯಲ್ಲಿ ನಿಲ್ಲಿಸಿ, ಭೂಮಿಯ ಬಹುಪಾಲು ನೀರಿರುವ ಕಡೆಗೆ ಕೊಂಡೊಯ್ಯದಿರುವುದು ನಮಗೆ ಸರಿಯೆಂದು ತೋರುವುದಿಲ್ಲ.

ಕಡಲಿನ ಉಷ್ಣ ನೆಲದ ಮೇಲೆ ಬರುವ ಬಗೆಯನ್ನೂ ನೋಡೋಣ. ಕಾರ್ಕಳದ ಒಂದು ಅಂಗಳದಲ್ಲಿ ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಅದು ಹತ್ತು ಲೀಟರು. ಈ ನೀರು ಸಮುದ್ರದಿಂದ ಆವಿಯಾಗುವಾಗ ಗ್ರಾಮಿಗೆ ಸುಮಾರು ೫೮೦ ಕ್ಯಾಲೊರಿಯಂತೆ ಉಷ್ಣವನ್ನು ಹೊತ್ತುಕೊಂಡು ಬಂದಿತ್ತು; ಮೋಡವಾಗುವಾಗ ಅದನ್ನು ಗಾಳಿಗೆ ಒಪ್ಪಿಸಿತು. ಲೆಕ್ಕ ಹಾಕಿದರೆ, ಆ ಉಷ್ಣದಿಂದ ಮೂವತ್ತು ಡಿಗ್ರಿಯ ಎಂಬತ್ತು ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಬಚ್ಚಲಿನ ಹಂಡೆಗೆ ಉರಿ ಹಾಕಿ ಬಲ್ಲವರಿಗೆ ಇದು ಎಷ್ಟು ಸೌದೆಯ ಮಾತೆಂಬುದು ತಿಳಿದೀತು.

ಬಿದ್ದ ಮಳೆ ಮತ್ತೆ ಕಡಲಿಗೇ. ಕಾರ್ಕಳದ ಸೀಮೆಯ ನೀರನ್ನು ಕೂಡಿಸಿಕೊಂಡು ಬರುವ ಸ್ವರ್ಣೆಯು ಉಡುಪಿಗೆ ಕುಡಿಯುವ ನೀರು ಕೊಟ್ಟು, ಸೀತೆಯೊಡನೆ ಕೋಡಿಬೆಂಗ್ರೆಯ ಬಳಿ ಸಮುದ್ರ ಸೇರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆದುದರಿಂದ ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲಿಗೆ ಹಗುರವಾದ ನೀರಿನ ತೆಳುವಾದ ಮುಚ್ಚಳವಿದ್ದಂತೆ. ಅದೇ ಕಾಲದಲ್ಲಿ ದಡದುದ್ದಕ್ಕೂ ಪ್ರವಾಹವು ತೆಂಕಣಕ್ಕೆ ಹರಿಯುತ್ತಿರಲು, ಆಳದ ತಣ್ಣೀರು ಇಳಿಜಾರನ್ನೇರಿ ದಡದ ಕಡೆಗೆ ಬರುತ್ತದೆ. ಅದು ತರುವ ಪೋಷಕ ಲವಣಗಳಿಂದ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳಿರುವಲ್ಲಿ ಬೂತಾಯಿಯ ಹಿಂಡುಗಳೂ ಕೂಡುತ್ತವೆ. ಆದರೆ ಆ ತಣ್ಣೀರಿನಲ್ಲಿ ಆಮ್ಲಜನಕ ಕಡಮೆ; ಮೇಲಿನ ಮುಚ್ಚಳವೋ ಗಾಳಿಯನ್ನು ಕೆಳಗಿಳಿಯಗೊಡದು. ತಳದ ಮೀನು, ಸಿಗಡಿಗಳು ಉಸಿರಿಗಾಗಿ ಬೇರೆಡೆಗೆ ಸರಿಯಬೇಕಾಗುತ್ತದೆ. ಕೊಚ್ಚಿಯ ಕಡಲಿನಲ್ಲಿ ಇದನ್ನು ಅಳೆದು ಕಾರ್ಲ್ ಬಾನ್ಸೆಯವರು ೧೯೫೯ರಲ್ಲಿಯೇ ಪ್ರಕಟಿಸಿದ್ದರು.

ನವೆಂಬರಿನ ಹೊತ್ತಿಗೆ ಪ್ರವಾಹವು ದಿಕ್ಕು ಬದಲಿಸಿ ಬಡಗಣಕ್ಕೆ ಹರಿಯತೊಡಗುತ್ತದೆ. ಗಂಗೆ-ಬ್ರಹ್ಮಪುತ್ರಗಳ ಪಾಲು ಬೆರೆತು ಉಪ್ಪು ಕಡಮೆಯಾದ ಬಂಗಾಳ ಕೊಲ್ಲಿಯ ನೀರು ಸಿಂಹಳವನ್ನು ಬಳಸಿ ಪಶ್ಚಿಮ ಕರಾವಳಿಗೆ ಬರುವುದು ಆಗ. ಈ ಹಗುರ ನೀರು ಕೆಳಗಿನದರೊಡನೆ ಸುಲಭವಾಗಿ ಬೆರೆಯದೆ, ಬೇಸಗೆಯ ಬಿಸಿಲನ್ನು ತೆಳುವಾದ ಪದರದಲ್ಲಿಯೇ ಹಿಡಿದಿಡುತ್ತದೆ. ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳಲ್ಲಿ, ಅರಬ್ಬೀ ಸಮುದ್ರದ ಆಗ್ನೇಯ ಭಾಗವು ೩೦ ಡಿಗ್ರಿಯನ್ನು ದಾಟುವುದಕ್ಕೆ ಇದೂ ಒಂದು ಕಾರಣ.

ಕಾಲಿಟ್ಟಾಗಲೆಲ್ಲ ಒಂದೇ ತೆರನಾಗಿ ತೋರುವ ಕಡಲು ಬದಲಾಗುವುದೇ ಇಲ್ಲವೆಂದು ನಾವು ನಂಬಿಬಿಟ್ಟಿದ್ದೇವೆ. ಇದು ನೀರಿನ ವಿಶಿಷ್ಟೋಷ್ಣವು ನಮಗೆ ಮಾಡಿದ ಮೋಸವೆನ್ನಬೇಕು. ಮನುಷ್ಯನು ಹೊರಬಿಟ್ಟ ಅನಿಲಗಳಿಂದಾಗಿ ಭೂಮಿಯಲ್ಲಿ ಹೆಚ್ಚಾಗಿ ಉಳಿದ ಉಷ್ಣದಲ್ಲಿ ನೂರಕ್ಕೆ ತೊಂಬತ್ತರಷ್ಟು ಸಾಗರಗಳೊಳಗೆ ಸೇರಿದೆ. ಇಡೀ ವಾಯುಮಂಡಲವನ್ನು ಒಂದು ಡಿಗ್ರಿ ಕಾಯಿಸುವ ಉಷ್ಣವು ಸಾಗರದ ಮೇಲಿನ ಸುಮಾರು ಮೂರು ಮೀಟರು ನೀರಿಗಷ್ಟೇ ಸಾಕಾಗುತ್ತದೆ. ಅಂತಹ ಪಾತ್ರೆಯಲ್ಲಿ ಅರ್ಧ ಡಿಗ್ರಿ ಏರಿದರೆ ನಮ್ಮ ಕಾಲಿಗೆ ತಿಳಿಯುವುದಿಲ್ಲ, ಚಂಡಮಾರುತಕ್ಕೆ ತಿಳಿಯುತ್ತದೆ. ೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕಾದ ಅರಬ್ಬೀ ಸಮುದ್ರದ ಮೇಲೆ ಬಲಿತು ಬಡಗಣಕ್ಕೆ ಸಾಗಿದಾಗ, ಉಡುಪಿಯ ದಂಡೆಯುದ್ದಕ್ಕೂ ಕಡಲ್ಕೊರೆತವಾಯಿತು. ಕಾಪುವಿನ ಕಡೆಯ ಸಮುದ್ರದಲ್ಲಿ ಬಂಡೆಗೆ ಸಿಕ್ಕಿಬಿದ್ದ ಟಗ್ಗಿನಿಂದ ಒಂಬತ್ತು ಮಂದಿಯನ್ನು ಪಾರುಮಾಡಬೇಕಾಯಿತು.

ಆದುದರಿಂದ ಕರಾವಳಿಯ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಕಡಲಿನ ಒಂದು ದಿನಚರಿಯನ್ನು ಇಡಬೇಕೆಂಬುದು ನಮ್ಮ ಅಭಿಪ್ರಾಯ. ಒಂದು ಬಕೆಟು, ಒಂದು ಉಷ್ಣಮಾಪಕ, ಸಾಂದ್ರತೆಯನ್ನು ತಿಳಿಯಲು ಒಂದು ಹೈಡ್ರೊಮೀಟರು, ಇಷ್ಟೇ ಸಾಮಗ್ರಿ. ಉಪಗ್ರಹಗಳಿವೆ, ೧೯೬೬ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಗೋವೆಯಲ್ಲಿದೆ, ಎರಡು ಸಾವಿರ ಮೀಟರಿನವರೆಗೆ ಮುಳುಗಿ ಏಳುವ ಆರ್ಗೊ ತೇಲುಯಂತ್ರಗಳಿವೆ. ಮಕ್ಕಳ ಬಕೆಟಿನಿಂದ ಆಗುವುದೇನು ಎಂದು ಕೇಳುವವರುಂಟು. ಆರ್ಗೊ ಯಂತ್ರಗಳು ದಡದ ತೆಳುನೀರಿಗಾಗಿ ಮಾಡಿದವುಗಳಲ್ಲ. ಮಳೆಗಾಲದ ಮೋಡಗಳು ಅನೇಕ ಉಪಗ್ರಹಗಳ ಕಣ್ಣು ಕಟ್ಟುತ್ತವೆ. ಮೋಡವನ್ನು ಭೇದಿಸಬಲ್ಲವಕ್ಕೂ ದಡಕ್ಕೆ ತೀರ ಹತ್ತಿರದ ನೀರು ಸರಿಯಾಗಿ ಕಾಣದು. ಅದಕ್ಕಿಂತ ಹೆಚ್ಚಾಗಿ, ತಾನೇ ಅಳೆದ ಅಂಕಿ ಆಗಸ್ಟಿನಲ್ಲಿ ಏಕೆ ಇಳಿಯಿತೆಂದು ತಲೆಕೆಡಿಸಿಕೊಂಡ ಹುಡುಗಿಗೆ ಪ್ರವಾಹದ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.

ಮಳೆಗಾಲದಲ್ಲಿ ಯಾರೂ ನೀರಿಗಿಳಿಯಕೂಡದು. ಬಂದರಿನ ಧಕ್ಕೆಯ ಮೇಲಿನಿಂದ, ಅಲ್ಲಿನ ಹಿರಿಯ ಮೀನುಗಾರರೊಬ್ಬರನ್ನು ಜೊತೆಗಿಟ್ಟುಕೊಂಡು, ಹಗ್ಗ ಕಟ್ಟಿದ ಬಕೆಟನ್ನು ಇಳಿಬಿಟ್ಟರೆ ಸಾಕು. ವಾರಕ್ಕೊಮ್ಮೆ, ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿಗೆ. ಬಕೆಟನ್ನು ನೆರಳಿನಲ್ಲಿಟ್ಟು, ಉಷ್ಣಮಾಪಕದ ಬುರುಡೆ ನೀರಿನಲ್ಲಿರುವಾಗಲೇ ಅಂಕಿಯನ್ನು ಓದಬೇಕು. ಅದರ ಮುಂದೆ ಸಾಂದ್ರತೆ, ಗಾಳಿಯ ದಿಕ್ಕು, ಭರತವೋ ಇಳಿತವೋ ಎಂಬುದನ್ನು ಬರೆಯಬೇಕು. ತಪ್ಪಿಹೋದ ವಾರದ ಮನೆಯನ್ನು ಊಹೆಯಿಂದ ತುಂಬದೆ ಖಾಲಿಯಾಗಿಯೇ ಬಿಡಬೇಕು.