ಬರಗಾಲದಲ್ಲಿ ಬೇರೂರಿದ ವಿಶ್ವಾಸ

ಅಕ್ಕಲಕೋಟ, ಸೋಲಾಪುರಗಳಿಂದ ಪುಣೆಗೆ ಹೊರಟ ರೈಲು ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಪಂಡಿತಾ ರಮಾಬಾಯಿಯವರು ಅನಾಥ ಹೆಣ್ಣುಮಕ್ಕಳಿಗಾಗಿ ಕಟ್ಟಿದ ‘ಮುಕ್ತಿ’ ಇರುವುದು ಅಲ್ಲಿಯೇ.

ರಮಾಬಾಯಿಯವರು 1858ರಲ್ಲಿ ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತಾಯಿಯೇ ಅವರಿಗೆ ಸಂಸ್ಕೃತ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. 1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ಅಗಲಿದರು. ಮಡಿಲಲ್ಲಿ ಉಳಿದದ್ದು ವರ್ಷ ತುಂಬದ ಮಗಳು ಮನೋರಮಾ ಮಾತ್ರ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಆದರೆ ಅಂತರಂಗದ ಶಾಂತಿ ಅಂದೇ ದೊರೆಯಲಿಲ್ಲ. ಧರ್ಮವನ್ನು ಸ್ವೀಕರಿಸುವುದು ಒಂದು, ಕ್ರಿಸ್ತನನ್ನು ಕಂಡುಕೊಳ್ಳುವುದು ಮತ್ತೊಂದು ಎಂಬುದನ್ನು ಅರಿಯಲು ಅವರಿಗೆ ಮತ್ತೆ ಹಲವು ವರ್ಷಗಳೇ ಬೇಕಾದವು. ಅದನ್ನು ಅವರು ತಮ್ಮ ಆತ್ಮಕಥನದಲ್ಲಿ ಮರೆಮಾಚದೆ ಬರೆದರು.

ಆ ವಿಶ್ವಾಸಕ್ಕೆ ಪರೀಕ್ಷೆ ಬಂದದ್ದು 1896-97ರ ಕ್ಷಾಮದಲ್ಲಿ. ಹಸಿವೆಂದರೇನೆಂದು ಬಲ್ಲ ರಮಾಬಾಯಿಯವರು ಸ್ವತಃ ಮಧ್ಯ ಪ್ರಾಂತ್ಯಕ್ಕೆ ಹೋಗಿ, ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಅನ್ನ, ಅಕ್ಷರ, ಕಸುಬುಗಳನ್ನು ಕೊಟ್ಟರು. ತಮ್ಮವರನ್ನು ಕಸಿದ ಬರಗಾಲದ ನೆನಪೇ ಅವರಿಗೆ ಪರರ ಮಕ್ಕಳ ಕಡೆಗೆ ದಾರಿ ತೋರಿತು.

1921ರಲ್ಲಿ ಮನೋರಮಾ ಕೂಡ ತಾಯಿಗಿಂತ ಮೊದಲೇ ತೀರಿದರು. ಆ ದುಃಖದಲ್ಲಿಯೂ ರಮಾಬಾಯಿಯವರು ಬೈಬಲಿನ ಮರಾಠಿ ಅನುವಾದದ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರು ನಿಧನರಾದರು.

ವಿಶ್ವಾಸವು ಕಷ್ಟವನ್ನು ತಪ್ಪಿಸುವುದಿಲ್ಲ, ಕಷ್ಟದಲ್ಲಿ ಮನಸ್ಸು ಕಲ್ಲಾಗದಂತೆ ಕಾಯುತ್ತದೆ. ಮನೆಯಲ್ಲಿ ಸಂಕಟ ಬಂದಾಗ ಮಕ್ಕಳಿಗೆ ಹೇಳಬಹುದಾದ ಮಾತು ಇದು. ಅದಕ್ಕೆ ಸಾಕ್ಷಿ ಕೇಡಗಾಂವದಲ್ಲಿ ಇಂದಿಗೂ ನಿಂತಿದೆ.